ಕಂದಕಕ್ಕೂ ಕಾವಲು ಬೇಕು

ಹೊಲಕ್ಕೆ ಮುಳ್ಳುಬೇಲಿ ಹಾಕಿದರೆ ಸಾಲದು, ಕವಣೆ ಹಿಡಿದು ಅಟ್ಟಣೆಯ ಮೇಲೆ ಕೂರುವವರೂ ಬೇಕು. ಚಿಕ್ಕೋಡಿ ಕಡೆಯ ಕಬ್ಬೂರಿನ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಸೈನ್ಯದ ರಕ್ಷಣಾ ಯೋಜನೆಯೂ ಹೀಗೆಯೇ. ಕಂದಕ ತೋಡುವುದು, ತಂತಿಬೇಲಿ ಎಳೆಯುವುದು, ನೆಲಬಾಂಬು ಹುಗಿಯುವುದು ಎಂಜಿನಿಯರ್ ಪಡೆಯ ಕೆಲಸ. ಅಲ್ಲಿ ತಡೆದು ನಿಂತ ಶತ್ರುವಿನ ಮೇಲೆ ಗುಂಡು ಸುರಿಸುವುದು ಫಿರಂಗಿ ದಳದ ಕೆಲಸ. ಎರಡನ್ನೂ ಒಂದೇ ನಕ್ಷೆಯ ಮೇಲೆ ಗುರುತಿಸಬೇಕು. ಶತ್ರು ಯಾವ ದಾರಿಯಿಂದ ಬರಬಹುದು, ಎಲ್ಲಿ ನಿಂತರೆ ನಮ್ಮ ಗುಂಡಿಗೆ ಸಿಗುತ್ತಾನೆ ಎಂಬುದನ್ನು ನೋಡಿಕೊಂಡೇ ಅಡ್ಡಿಯ ಜಾಗ ಗೊತ್ತುಮಾಡುತ್ತಾರೆ. ಆಳು, ತಂತಿ, ಸಮಯ ಇವು ಎಂದೂ ಸಾಲುವುದಿಲ್ಲ. ಆದ್ದರಿಂದ ಮುಖ್ಯ ದಾರಿಗೇ ಮೊದಲ ಪಾಲು. ಹುಗಿದ ನೆಲಬಾಂಬುಗಳ ಲೆಕ್ಕವನ್ನಂತೂ ಬರೆದಿಡಲೇಬೇಕು, ಇಲ್ಲದಿದ್ದರೆ ಕಾಲು ಕಳೆದುಕೊಳ್ಳುವವರು ನಮ್ಮವರೇ.

ಅದೇ ಜಿಲ್ಲೆಯ ಬೆಳಗಾವಿ ಕೋಟೆಯನ್ನು ನೋಡಿ. ಸುತ್ತಲೂ ಅಗಲವಾದ ನೀರಿನ ಕಂದಕ, ಅದರ ಮೇಲೆ ಕಣ್ಣಿಟ್ಟ ಕೊತ್ತಳಗಳು. 1818ರ ಮಾರ್ಚಿನಲ್ಲಿ ಥಾಮಸ್ ಮನ್ರೋ ಮುತ್ತಿಗೆ ಹಾಕಿದಾಗ ಪೇಶ್ವೆಯ ಪಡೆ ಸುಮಾರು ಮೂರು ವಾರ ತಡೆದು ನಿಂತಿತು. ಮನ್ರೋ ಕಂದಕಕ್ಕೆ ಇಳಿಯುವ ಆತುರ ತೋರಲಿಲ್ಲ. ದೂರದಲ್ಲಿ ಫಿರಂಗಿ ಹೂಡಿ ಗೋಡೆಯನ್ನು ಒಡೆಯತೊಡಗಿದ. ಗೋಡೆಯೇ ಕುಸಿದರೆ ಅದರ ಮೇಲಿನ ತೋಪಿಗೆ ನೆಲೆಯೆಲ್ಲಿ? ಏಪ್ರಿಲ್ 10ರಂದು ಕೋಟೆ ಶರಣಾಯಿತು. ಕಂದಕ ಮಾತ್ರ ಇದ್ದಲ್ಲೇ ಇತ್ತು.