ಅದಾರಿಯ ನೀರು, ನಮ್ಮ ವೋಟು

ಜಿಂಜ್‌ನಲ್ಲಿರುವ ನಮ್ಮ ಮನೆಯಿಂದ ಅದಾರಿ ಪಾರ್ಕಿಗೆ ಹೆಚ್ಚು ದೂರವಿಲ್ಲ. ರಜೆಯ ದಿನ ಮಕ್ಕಳ ಕಾಟ ತಡೆಯಲಾರದೆ ಒಮ್ಮೆಯಾದರೂ ಅಲ್ಲಿಗೆ ಹೋಗದ ಕನ್ನಡದ ಮನೆ ಬಹರೈನಿನಲ್ಲಿ ಇರಲಿಕ್ಕಿಲ್ಲ. ಪಾರ್ಕಿಗೆ ಆ ಹೆಸರು ಬಂದದ್ದು ಅಲ್ಲಿನ ಹಳೆಯ ಬುಗ್ಗೆಯಿಂದ. ಅದರ ಬಗ್ಗೆ ಇಲ್ಲಿಯವರಲ್ಲಿ ಒಂದು ಗಾದೆಯೇ ಇದೆ: ಅದಾರಿಯ ಬುಗ್ಗೆಯ ಹಾಗೆ, ದೂರದವರಿಗೆ ನೀರುಣಿಸಿ ಹತ್ತಿರದವರನ್ನು ಬಿಟ್ಟುಬಿಡುತ್ತದಂತೆ! ಬುಗ್ಗೆಯ ನೀರು ಕಾಲುವೆಗಳಲ್ಲಿ ಹರಿದು ದೂರದ ಖರ್ಜೂರದ ತೋಟಗಳಿಗೆ ಹೋಗುತ್ತಿದ್ದ ಕಾಲದ ಮಾತು ಅದು. ಆಫೀಸಿನ ಬಹರೈನಿ ಗೆಳೆಯರೊಬ್ಬರು ಇದನ್ನು ಹೇಳಿದಾಗ ನನಗೆ ನಗು ಬಂತು. "ನಮ್ಮಲ್ಲಿ ಇದಕ್ಕೆ ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರೆ" ಎಂದೆ.

ಆದರೆ ಚುನಾವಣೆ ಬಂದಾಗ ನಮ್ಮ ಸ್ಥಿತಿ ಅದಾರಿಗಿಂತಲೂ ಕಷ್ಟ. ನಮ್ಮ ವೋಟು ಹತ್ತಿರದವರಿಗೂ ಇಲ್ಲ, ದೂರದವರಿಗೂ ಇಲ್ಲ.

ಮಗಳ ಒಂದು ಪ್ರಶ್ನೆ

2022ರ ನವೆಂಬರ್ ತಿಂಗಳು ನಿಮಗೂ ನೆನಪಿರಬಹುದು. ರಸ್ತೆಯ ಬದಿಗಳಲ್ಲೆಲ್ಲ ಅಭ್ಯರ್ಥಿಗಳ ಫೋಟೋಗಳು. ನವೆಂಬರ್ 12ರಂದು ಇಲ್ಲಿ ಮತದಾನ. ಶಾಲೆಯಿಂದ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಮಗಳು ಕೇಳಿದಳು, "ಪಪ್ಪ, ನೀವು ಯಾರಿಗೆ ವೋಟ್ ಹಾಕುದು?"

"ನಮಗೆ ಇಲ್ಲಿ ವೋಟ್ ಇಲ್ಲ ಮಗಾ, ನಮ್ಮದು ಊರಲ್ಲಿ."

"ಊರಲ್ಲಿ ಯಾವಾಗ ಹಾಕಿದ್ದು?"

ನಾನು ಸಿಗ್ನಲ್ ನೋಡುವವನ ಹಾಗೆ ಸುಮ್ಮನಾದೆ. ಉತ್ತರ ಇದ್ದರಲ್ಲವೇ ಹೇಳುವುದು!

ಜಿಂಜ್‌ನ ಲೆಕ್ಕ

ಮೊದಲು ನಾವಿರುವ ಜಾಗದ ವಿಷಯ ತಿಳಿದುಕೊಳ್ಳೋಣ. ಮನಾಮಾದ ನಗರಸಭೆ ಇಂದು ನಿನ್ನೆಯದಲ್ಲ, 1919ರಲ್ಲಿ ಸ್ಥಾಪನೆಯಾದದ್ದು. ಆರಂಭದ ದಶಕಗಳ ಸಭೆಯಲ್ಲಿ ಇಲ್ಲಿ ವ್ಯಾಪಾರಕ್ಕೆ ನೆಲೆಸಿದ್ದ ಹಿಂದೂ, ಯಹೂದಿ, ಪರ್ಷಿಯನ್ ಸಮುದಾಯದವರಿಗೂ ಸ್ಥಾನವಿತ್ತು ಎಂದರೆ ನಮ್ಮಲ್ಲಿ ಅನೇಕರಿಗೆ ಆಶ್ಚರ್ಯವಾದೀತು. ದೀರ್ಘ ಕಾಲ ನಿಂತುಹೋಗಿದ್ದ ನಗರಸಭೆ ಚುನಾವಣೆಗಳು ಮತ್ತೆ ನಡೆದದ್ದು 2002ರ ಮೇ 9ರಂದು. ಆಗ ಮಹಿಳೆಯರು ಮತ ಹಾಕಿದ್ದಷ್ಟೇ ಅಲ್ಲದೆ ಸ್ಪರ್ಧೆಗೂ ನಿಂತರು. ಅಲ್ಲಿಂದ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತ ಬಂದಿದೆ. ಆ ಲೆಕ್ಕದಲ್ಲಿ 2022ರ ನಂತರದ ಸರದಿ 2026.

ಸಂಸತ್ತಿಗೆ ಮತ ಹಾಕುವ ಹಕ್ಕು ಬಹರೈನಿ ಪ್ರಜೆಗಳದ್ದು. ನಗರಸಭೆಯ ಮಟ್ಟಿಗೆ ಕಾನೂನು ಸ್ವಲ್ಪ ಉದಾರ. ಇಲ್ಲಿ ವಾಸವಿರುವ ಜಿಸಿಸಿ ದೇಶಗಳ ಪ್ರಜೆಗಳಿಗೂ, ಇಲ್ಲಿ ಸ್ವಂತ ಕಟ್ಟಡ ಅಥವಾ ಜಮೀನು ಹೊಂದಿರುವ ಬೇರೆ ವಿದೇಶಿಯರಿಗೂ ಅದರಲ್ಲಿ ಅವಕಾಶವಿದೆ. ಹಾಗಾದರೆ ಜಿಂಜ್‌ನಲ್ಲಿ ಮನೆ ಕೊಂಡರೆ ವೋಟು ಸಿಕ್ಕೀತೇ? ಇಲ್ಲ! ಜಿಂಜ್ ಇರುವುದು ರಾಜಧಾನಿ ಗವರ್ನರೇಟಿನಲ್ಲಿ. 2014ರಿಂದ ಅಲ್ಲಿ ಚುನಾಯಿತ ನಗರಸಭೆಯ ಬದಲು ನೇಮಕಗೊಂಡ ಮಂಡಳಿ ಇದೆ. ಉಳಿದ ಮೂರು ಗವರ್ನರೇಟುಗಳಾದ ಮುಹರ್ರಕ್, ಉತ್ತರ ಮತ್ತು ದಕ್ಷಿಣಗಳಲ್ಲಿ ಸೇರಿ 30 ಸ್ಥಾನಗಳಿಗೆ ಚುನಾವಣೆ ನಡೆಯುತ್ತದೆ. ಮುಹರ್ರಕ್ ಕಡೆಯ ಅಮ್ವಾಜ್‌ನಲ್ಲಿ ನಿಮ್ಮ ಹೆಸರಿನಲ್ಲಿ ಫ್ಲಾಟು ಇದ್ದರೆ, ಮತದಾರರ ಪಟ್ಟಿ ಪರಿಶೀಲನೆಗೆ ಇಡುವ ದಿನಗಳಲ್ಲಿ ಮೇಲ್ವಿಚಾರಣಾ ಕೇಂದ್ರದಲ್ಲಿ ವಿಚಾರಿಸಿ ನೋಡಿ. ಬಾಡಿಗೆ ಮನೆಯ ನಮ್ಮಂಥವರಿಗೆ ಉಳಿದದ್ದು ಊರು ಒಂದೇ.

ಪಟ್ಟಿಯಲ್ಲಿ ಹೆಸರಿಲ್ಲ!

ಮಗಳ ಪ್ರಶ್ನೆ ಚುಚ್ಚುತ್ತಲೇ ಇತ್ತು. 2023ರ ಮೇ 10ರ ವಿಧಾನಸಭಾ ಚುನಾವಣೆಗೆ ಸರಿಯಾಗಿ ರಜೆ ಹೊಂದಿಸಿಕೊಂಡು ಪುತ್ತೂರು ತಾಲೂಕಿನ ನಮ್ಮ ಹಳ್ಳಿಗೆ ಹೋದೆ. ಬೆಳಿಗ್ಗೆ ಏಳು ಗಂಟೆಗೇ ಅಮ್ಮನ ಜೊತೆ ಶಾಲೆಯ ಮುಂದೆ ಕ್ಯೂ ನಿಂತೆ. ನಾನು ಅಆಇಈ ಕಲಿತ ಕೋಣೆಯೇ ಮತಗಟ್ಟೆ. ಹಳೆಯ ಗುರುತಿನ ಚೀಟಿ ತೋರಿಸಿದೆ. ಅವರು ಪಟ್ಟಿಯನ್ನು ಮೂರು ಸಲ ತಿರುವಿ ಹಾಕಿ, "ನಿಮ್ಮ ಹೆಸರು ಇಲ್ಲ" ಅಂದರು. ಅಮ್ಮ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದರು, ನಾನು ಬರಿಗೈಯಲ್ಲಿ ಹಿಂದೆ ಬಂದೆ. ಅಷ್ಟು ದುಡ್ಡು ಕೊಟ್ಟು ಬಂದವನಿಗೆ ಸಿಟ್ಟು ಬರದೆ ಇದ್ದೀತೇ? ಸಿಕ್ಕಿದವರ ಹತ್ತಿರವೆಲ್ಲ ಹೇಳಿ ಬೈದೆ.

ಆಮೇಲೆ ವಿಚಾರಿಸಿದಾಗ ತಿಳಿಯಿತು, ತಪ್ಪು ನನ್ನದೇ ಎಂದು. ಸಾಮಾನ್ಯ ಮತದಾರರ ಪಟ್ಟಿ ಆ ಊರಿನಲ್ಲಿ ವಾಸವಿರುವವರಿಗೆ. ವರ್ಷಾನುಗಟ್ಟಲೆ ಬಹರೈನಿನಲ್ಲಿರುವ ನಾನು ಹಳ್ಳಿಯಲ್ಲಿ ವಾಸವಾಗಿದ್ದೇನೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ನಮಗಾಗಿ ಬೇರೆಯೇ ದಾರಿ ಇದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಗೆ 20ಎ ಎಂಬ ವಿಧಿ ಸೇರಿ, 2011ರ ಫೆಬ್ರವರಿಯಿಂದ ವಿದೇಶದಲ್ಲಿರುವ ಭಾರತೀಯ ಪ್ರಜೆಗಳು 'ಸಾಗರೋತ್ತರ ಮತದಾರ'ರಾಗಿ ಹೆಸರು ಸೇರಿಸಬಹುದಾಗಿದೆ. ಇಷ್ಟು ವರ್ಷ ಅದು ನನಗೆ ಗೊತ್ತೇ ಇರಲಿಲ್ಲ.

ಹೆಸರು ಸೇರಿಸುವುದು ಹೇಗೆ?

ಬೇಕಾದದ್ದು ನಮೂನೆ 6ಎ. ಅದಕ್ಕೆ ಶುಲ್ಕವಿಲ್ಲ. ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ನಲ್ಲಿ ತುಂಬಬಹುದು. ಇಲ್ಲವಾದರೆ ನಿಮ್ಮ ಕ್ಷೇತ್ರದ ಮತದಾರರ ನೋಂದಣಿ ಅಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು. ಇತ್ತೀಚಿನ ಒಂದು ಫೋಟೋ, ಪಾಸ್‌ಪೋರ್ಟಿನಲ್ಲಿ ನಿಮ್ಮ ಫೋಟೋ ಮತ್ತು ಊರಿನ ವಿಳಾಸವಿರುವ ಪುಟಗಳ ಪ್ರತಿ, ಚಾಲ್ತಿಯಲ್ಲಿರುವ ವೀಸಾದ ಪ್ರತಿ, ಇಷ್ಟೇ. ಅಂಚೆಯಲ್ಲಿ ಕಳಿಸುವ ಪ್ರತಿಗಳಿಗೆ ನೀವೇ ಸಹಿ ಹಾಕಬೇಕು.

ಗಮನಿಸಿ, ಹೆಸರು ಸೇರುವುದು ಪಾಸ್‌ಪೋರ್ಟಿನಲ್ಲಿರುವ ಭಾರತದ ವಿಳಾಸದ ಕ್ಷೇತ್ರಕ್ಕೆ. ಮಂಗಳೂರಿನಲ್ಲಿ ಫ್ಲಾಟು ಕೊಂಡು, ಪಾಸ್‌ಪೋರ್ಟಿನಲ್ಲಿ ಇನ್ನೂ ಕುಂದಾಪುರದ ಹಳೆಯ ಮನೆಯ ವಿಳಾಸವಿದ್ದರೆ, ವೋಟು ಕುಂದಾಪುರದಲ್ಲೇ. ನಿಮ್ಮ ಬಳಿ ಹಳೆಯ ಗುರುತಿನ ಚೀಟಿ ಇದ್ದರೆ ಅದನ್ನು ಒಪ್ಪಿಸಬೇಕು. ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದ ವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ಬೇರೆ ದೇಶದ ಪೌರತ್ವ ಪಡೆದವರಿಗೆ, ಅಂದರೆ ಓಸಿಐ ಕಾರ್ಡಿನವರಿಗೆ, ಈ ಹಕ್ಕಿಲ್ಲ.

ಅರ್ಜಿ ಹಾಕಿದ ಮೇಲೆ ಬೂತ್ ಮಟ್ಟದ ಅಧಿಕಾರಿ ಊರಿನ ಮನೆಗೆ ವಿಚಾರಣೆಗೆ ಬರುತ್ತಾರೆ. ನಮ್ಮ ಅಮ್ಮ ಗಾಬರಿಯಿಂದ ಫೋನ್ ಮಾಡಿದ್ದರು. "ಅಂಗನವಾಡಿ ಟೀಚರ್ ಬಂದಿದ್ರು, ನಿನ್ನ ಹೆಸರು ಕೇಳಿದ್ರು. ನೀನು ಇಲ್ಲೇ ಇರುದು ಅಂತ ಹೇಳ್ಲಿಕ್ಕಿತ್ತಾ?" ನಾನು ಹೇಳಿದೆ, "ಬೇಡಮ್ಮ, ಬಹರೈನ್‌ನಲ್ಲಿ ಇದ್ದಾನೆ ಅಂತಲೇ ಹೇಳಿ. ಈ ಸಲ ಇದ್ದದ್ದು ಇದ್ದ ಹಾಗೆ." ಆದ್ದರಿಂದ ಅರ್ಜಿ ಹಾಕುವ ಮೊದಲು ಮನೆಯವರಿಗೆ ಒಂದು ಮಾತು ತಿಳಿಸಿಡಿ.

ಸಾಗರೋತ್ತರ ಮತದಾರರಿಗೆ ಗುರುತಿನ ಚೀಟಿ ಕೊಡುವುದಿಲ್ಲ. ಮತಗಟ್ಟೆಯಲ್ಲಿ ಮೂಲ ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಮುಂದೆ ಖಾಯಂ ಆಗಿ ಊರಿಗೆ ಮರಳಿದಾಗ ನಮೂನೆ 6 ತುಂಬಿ ಸಾಮಾನ್ಯ ಪಟ್ಟಿಗೆ ಸೇರಬಹುದು.

ಆ ಸೊನ್ನೆಯಲ್ಲಿ ನಾನೂ ಒಬ್ಬ

ಇಷ್ಟೆಲ್ಲ ಆಗಿ 2024ರ ಲೋಕಸಭಾ ಚುನಾವಣೆ ಬಂತು. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್ 26ಕ್ಕೆ ಮತದಾನ. ಆಫೀಸಿನಲ್ಲಿ ರಜೆ ಸಿಗಲಿಲ್ಲ; ಮಕ್ಕಳ ಶಾಲೆಯ ರಜೆ ಇರುವುದು ಜುಲೈಯಲ್ಲಿ. ಹೋಗಲಾಗಲಿಲ್ಲ.

ಚುನಾವಣಾ ಆಯೋಗದ ಅಂಕಿ ಅಂಶ ಹೊರಬಂದಾಗ ನೋಡಿದೆ. ಇಡೀ ದೇಶದಲ್ಲಿ ಹೆಸರು ಸೇರಿಸಿದ್ದ ಸಾಗರೋತ್ತರ ಮತದಾರರು 1,19,374. ಅವರಲ್ಲಿ ಊರಿಗೆ ಬಂದು ಮತ ಹಾಕಿದವರು 2,958. ಅದರಲ್ಲೂ 2,670 ಮಂದಿ ಕೇರಳದವರೇ. ನಮ್ಮ ಕರ್ನಾಟಕದ ಮುಂದೆ ಇದ್ದದ್ದು ಸೊನ್ನೆ! ಒಬ್ಬರೂ ಇಲ್ಲ. ಆ ಸೊನ್ನೆಯಲ್ಲಿ ನಾನೂ ಒಬ್ಬ ಎಂದು ಈ ಸಂಚಿಕೆಯಲ್ಲೇ ಒಪ್ಪಿಕೊಳ್ಳುತ್ತೇನೆ.

ವಿಮಾನ ಹತ್ತಿ ಬಂದೇ ಮತ ಹಾಕಬೇಕು ಎಂಬ ನಿಯಮವೇ ಇದಕ್ಕೆ ಮುಖ್ಯ ಕಾರಣ. ರಾಯಭಾರ ಕಚೇರಿಯಲ್ಲಿರುವ ನಮ್ಮ ಸರಕಾರಿ ನೌಕರರಿಗೆ ಅಂಚೆ ಮತದ ಸೌಲಭ್ಯವಿದೆ, ನಮಗಿಲ್ಲ. ನಮ್ಮ ಪರವಾಗಿ ಊರಿನಲ್ಲಿ ಇನ್ನೊಬ್ಬರು ಮತ ಹಾಕಲು ಅವಕಾಶ ಕೊಡುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಒಪ್ಪಿಗೆ ಪಡೆದಿತ್ತು. ರಾಜ್ಯಸಭೆಯಲ್ಲಿ ಅಂಗೀಕಾರವಾಗದೆ 2019ರಲ್ಲಿ ಬಿದ್ದುಹೋಯಿತು. ವಿದೇಶದಲ್ಲಿರುವವರಿಗೂ ವಿದ್ಯುನ್ಮಾನ ಅಂಚೆ ಮತ ಕೊಡಬಹುದೆಂದು 2020ರಲ್ಲಿ ಆಯೋಗವೇ ಸರಕಾರಕ್ಕೆ ಬರೆದಿತ್ತು. ಕೋಟಿಗಟ್ಟಲೆ ಭಾರತೀಯರು ಹೊರಗಿದ್ದಾರೆ, ಪಟ್ಟಿಯಲ್ಲಿರುವವರು ಒಂದು ಲಕ್ಷ ಚಿಲ್ಲರೆ. ಹೆಸರೇ ಕೊಡದವರ ಕೂಗಿಗೆ ದಿಲ್ಲಿಯಲ್ಲಿ ಯಾರು ಕಿವಿಗೊಟ್ಟಾರು?

ಒಂದು ವೋಟಿನ ಬೆಲೆ

"ನನ್ನ ಒಂದು ವೋಟಿನಿಂದ ಏನಾಗುತ್ತದೆ?" ಎಂದು ಕೇಳುವವರಿಗೆ ಕರ್ನಾಟಕವೇ ಉತ್ತರ ಕೊಟ್ಟಿದೆ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದ ಫಲಿತಾಂಶ ತೀರ್ಮಾನವಾದದ್ದು ಒಂದೇ ಒಂದು ಮತದಿಂದ: 40,752ಕ್ಕೆ 40,751. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16 ಮತ.

ಗಡಿಯಾಚೆ ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಥೆ ಇನ್ನೂ ಹತ್ತಿರದ್ದು. 2016ರಲ್ಲಿ ಅಲ್ಲಿ ಗೆಲುವಿನ ಅಂತರ 89 ಮತ. ವಿದೇಶದಲ್ಲಿದ್ದವರ ಮತ್ತು ತೀರಿಹೋದವರ ಹೆಸರಿನಲ್ಲಿ ಮತ ಬಿದ್ದಿದೆ ಎಂದು ಸೋತವರು ಕೇರಳ ಹೈಕೋರ್ಟಿಗೆ ಹೋದರು. 2019ರಲ್ಲಿ ಆ ಅರ್ಜಿಯನ್ನು ಹಿಂತೆಗೆದುಕೊಂಡರು. ಆರೋಪ ಸಾಬೀತಾಗಲಿಲ್ಲ. ಆದರೂ ಯೋಚಿಸಿ, ನಾವು ಗಲ್ಫಿನಲ್ಲಿ ಕೂತಿರುವಾಗ ನಮ್ಮ ಹೆಸರು ಊರಿನ ಸಾಮಾನ್ಯ ಪಟ್ಟಿಯಲ್ಲಿ ಸುಮ್ಮನೆ ಉಳಿದರೆ ಇಂಥ ಅನುಮಾನಕ್ಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ಈಗಂತೂ ಪಟ್ಟಿಗಳನ್ನು ಜಾಲಾಡುವ ಕಾಲ. 2025ರಲ್ಲಿ ಬಿಹಾರದಿಂದ ಶುರುವಾದ ವಿಶೇಷ ತೀವ್ರ ಪರಿಷ್ಕರಣೆ ಅದೇ ವರ್ಷ ನವೆಂಬರ್ 4ರಿಂದ ಕೇರಳವೂ ಸೇರಿ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಬಂತು. ಮನೆ ಮನೆಗೆ ಬಂದು ಯಾರಿದ್ದಾರೆ, ಯಾರಿಲ್ಲ ಎಂದು ನೋಡುವ ಕೆಲಸ ಇದು. ಊರಲ್ಲಿ ಇಲ್ಲದವರ ಹೆಸರು ತೆಗೆದ ಮೇಲೆ ಅಳುವುದಕ್ಕಿಂತ, ಸರಿಯಾದ ಜಾಗದಲ್ಲಿ ಹೆಸರು ಸೇರಿಸಿಕೊಳ್ಳುವುದು ಲೇಸು.

ಕೊನೆಗೆ ಒಂದು ವಿನಂತಿ

ಪ್ರತಿ ವರ್ಷ ರಾಜ್ಯೋತ್ಸವಕ್ಕೆ ನಾವೆಲ್ಲ ಸೇರುತ್ತೇವೆ. ಹಾಡು, ನೃತ್ಯ, ಊಟ ಎಲ್ಲವೂ ಇರುತ್ತದೆ. ಈ ಸಲ ಸಭಾಂಗಣದ ಬಾಗಿಲಲ್ಲಿ ಒಂದು ಮೇಜು ಹಾಕಿ, ಕಂಪ್ಯೂಟರ್ ಬಲ್ಲ ನಮ್ಮ ಇಬ್ಬರು ಯುವಕರನ್ನು ಕೂರಿಸಿ, ಬಂದವರಿಗೆಲ್ಲ ನಮೂನೆ 6ಎ ತುಂಬಿಸಿಕೊಟ್ಟರೆ ಹೇಗೆ? ಬರುವಾಗ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ ತಂದರಾಯಿತು. ಹದಿನೆಂಟು ತುಂಬಿದ ಮಕ್ಕಳನ್ನೂ ಕರೆತನ್ನಿ. ಮುಂದಿನ ಚುನಾವಣೆಗೆ ಎಲ್ಲರಿಗೂ ಹೋಗಲಾಗದಿರಬಹುದು. ಆದರೆ ರಜೆ ಹೊಂದಿಬಂದ ಹತ್ತು ಮಂದಿ ಹೋದರೂ ಕರ್ನಾಟಕದ ಮುಂದಿನ ಸೊನ್ನೆ ಅಳಿಯುತ್ತದೆ.

ಮಗಳಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಮುಂದಿನ ಸಲ ಅದೇ ಶಾಲೆಯ ಅಂಗಳಕ್ಕೆ ಅವಳನ್ನೂ ಕರೆದುಕೊಂಡು ಹೋಗಿ, ಶಾಯಿ ಹಚ್ಚಿದ ಬೆರಳನ್ನೇ ತೋರಿಸಬೇಕು ಎಂದಿದ್ದೇನೆ. ಅಮ್ಮನೂ ಕಾಯುತ್ತಿದ್ದಾರೆ.