ಹೊಸ ನೌಕರರೊಡನೆ ಸಂಬಳದ ಮಾತು: ಲೆಕ್ಕ ಮೊದಲು, ಚೌಕಾಸಿ ನಂತರ

ಕಚ್ಚಾ ಸಾಮಗ್ರಿಯ ದರವನ್ನಾಗಲಿ ಜಾಬ್ ವರ್ಕ್ ದರವನ್ನಾಗಲಿ ಪೈಸೆ ಪೈಸೆ ಲೆಕ್ಕ ಹಾಕಿ ಗೊತ್ತುಮಾಡುವ ನಮ್ಮ ಸಣ್ಣ ಉದ್ಯಮಿಗಳು, ಹೊಸ ನೌಕರರ ಸಂಬಳದ ವಿಷಯದಲ್ಲಿ ಮಾತ್ರ ಒಂದೇ ಅಂಕಿ ಹೇಳಿ ಮಾತು ಮುಗಿಸಿಬಿಡುತ್ತಾರೆ. ಮಾಲೀಕರು ಆ ಅಂಕಿಯನ್ನು ಹೇಳುವುದು ಒಂದು ಅರ್ಥದಲ್ಲಿ. ನೌಕರರು ಕೇಳಿಸಿಕೊಳ್ಳುವುದು ಇನ್ನೊಂದು ಅರ್ಥದಲ್ಲಿ. ಮೊದಲ ತಿಂಗಳ ಸಂಬಳದ ದಿನ ವ್ಯತ್ಯಾಸ ಬಯಲಾಗುತ್ತದೆ. ಅಷ್ಟರಲ್ಲಿ ನಂಬಿಕೆ ಸಡಿಲಗೊಂಡಿರುತ್ತದೆ.

ಟಿ. ದಾಸರಹಳ್ಳಿಯಲ್ಲಿ ಇದರ ಪರಿಣಾಮ ಇನ್ನೂ ತೀವ್ರ. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶವಿರುವುದರಿಂದ ಅನುಭವಿ ಟರ್ನರ್ ಅಥವಾ ಸಿ.ಎನ್.ಸಿ. ಆಪರೇಟರ್ ಮನೆ ಬದಲಿಸದೆಯೇ ಕೆಲಸ ಬದಲಿಸಬಲ್ಲರು. 2015ರ ಮೇ ತಿಂಗಳಲ್ಲಿ ದಾಸರಹಳ್ಳಿಗೆ ಬಂದ ಮೆಟ್ರೊ, 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ವಿಸ್ತರಿಸಿದ ಮೇಲೆ ಅವರ ಆಯ್ಕೆಯ ವ್ಯಾಪ್ತಿ ಮತ್ತಷ್ಟು ಹಿಗ್ಗಿದೆ. ಕೈ ಪಳಗಿದ ಒಬ್ಬರು ಹೊರಟುಹೋದರೆ ಯಂತ್ರ ನಿಲ್ಲುತ್ತದೆ, ಸರಕು ಒಪ್ಪಿಸುವ ದಿನ ತಪ್ಪುತ್ತದೆ.

ಒಂದು ಲೆಕ್ಕ

ಭವಿಷ್ಯನಿಧಿ ಮತ್ತು ಇ.ಎಸ್.ಐ. ಎರಡೂ ಅನ್ವಯಿಸುವ ಘಟಕವೊಂದರಲ್ಲಿ ಮೂಲವೇತನ ಹಾಗೂ ತುಟ್ಟಿಭತ್ಯೆ ಸೇರಿ ತಿಂಗಳಿಗೆ 20,000 ರೂ. ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. 2014ರಲ್ಲಿ ಗೊತ್ತುಪಡಿಸಿದ 15,000 ರೂ. ಮಿತಿಯ ಮೇಲೆ ಶೇ. 12ರಂತೆ ಭವಿಷ್ಯನಿಧಿಗೆ 1,800 ರೂ., ಇ.ಎಸ್.ಐ.ಗೆ ಶೇ. 0.75ರಂತೆ 150 ರೂ. ಕಡಿತವಾಗುತ್ತದೆ. 2023ರ ಏಪ್ರಿಲ್‌ನಿಂದ ಈ ಮಟ್ಟದ ಸಂಬಳಕ್ಕೆ ರಾಜ್ಯದಲ್ಲಿ ವೃತ್ತಿ ತೆರಿಗೆ ಇಲ್ಲ. ನೌಕರರ ಕೈಗೆ ಸಿಗುವುದು 18,050 ರೂ.

ಮಾಲೀಕರ ಪಾಲಿನ ಭವಿಷ್ಯನಿಧಿ 1,800 ರೂ., ಅದರೊಡನೆ ಠೇವಣಿ ಆಧಾರಿತ ವಿಮೆ ಮತ್ತು ಆಡಳಿತ ಶುಲ್ಕ 150 ರೂ., ಇ.ಎಸ್.ಐ. ಶೇ. 3.25ರಂತೆ 650 ರೂ. ಒಟ್ಟು ವೆಚ್ಚ 22,600 ರೂ. ಹೀಗೆ ಮಾಲೀಕರ ಮನಸ್ಸಿನಲ್ಲಿರುವ ಅಂಕಿಗೂ ನೌಕರರ ಕೈಸೇರುವ ಹಣಕ್ಕೂ 4,550 ರೂ. ಅಂತರ. ಜಗಳ ಹುಟ್ಟುವುದು ಈ ಅಂತರದಲ್ಲೇ. ಮೂರು ಅಂಕಿಗಳನ್ನೂ ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟರೆ, ಕಡಿತವಾದ ಹಣ ನಷ್ಟವಲ್ಲ, ತಮ್ಮ ಹೆಸರಿನ ಉಳಿತಾಯ ಹಾಗೂ ಮನೆಯವರ ವೈದ್ಯಕೀಯ ರಕ್ಷಣೆ ಎಂಬುದು ನೌಕರರಿಗೂ ಮನವರಿಕೆಯಾಗುತ್ತದೆ.

ಚೌಕಾಸಿಗೆ ಒಳಪಡದವು

ಸರ್ಕಾರ ಆಯಾ ದರ್ಜೆಗೆ ನಿಗದಿಪಡಿಸಿದ ಕನಿಷ್ಠ ವೇತನಕ್ಕಿಂತ ಕೆಳಗೆ ಮಾತುಕತೆಗೆ ಎಡೆಯಿಲ್ಲ. ನೌಕರರು ಒಪ್ಪಿದರೂ ಅದು ಊರ್ಜಿತವಾಗದು. ಓ.ಟಿ.ಗೆ ದುಪ್ಪಟ್ಟು ದರವೂ ಹಾಗೆಯೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ವೇತನದ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗ ವೇತನಕ್ಕೇ ಸೇರುತ್ತದೆ. ಮೂಲವೇತನವನ್ನು ಕುಗ್ಗಿಸಿ ಭತ್ಯೆಗಳನ್ನು ಹಿಗ್ಗಿಸುವ ಹಳೆಯ ರೂಢಿಯಿಂದ ಇನ್ನು ಪ್ರಯೋಜನವಿಲ್ಲ.

ಇನ್ನೊಂದು ಅಂಶ: 2017ರಿಂದ ಇ.ಎಸ್.ಐ. ವೇತನ ಮಿತಿ 21,000 ರೂ. ಹೊಸಬರು ಐನೂರು ರೂಪಾಯಿ ಹೆಚ್ಚು ಕೇಳಿ ಈ ಗೆರೆ ದಾಟಿದರೆ ಕುಟುಂಬದ ಚಿಕಿತ್ಸಾ ಸೌಲಭ್ಯ ತಪ್ಪಬಹುದು. ಇದನ್ನು ಮೊದಲೇ ತಿಳಿಸುವುದು ಮಾಲೀಕರ ಹೊಣೆ. ಗೆರೆ ದಾಟಿಸುವುದಾದರೆ ಆರೋಗ್ಯ ವಿಮೆಯ ಮಾತನ್ನೂ ಸೇರಿಸಬೇಕು.

ಮಾತುಕತೆಯ ಕ್ರಮ

ಹಿಂದಿನ ಸಂಬಳದ ಚೀಟಿಯನ್ನೇ ಅಳತೆಗೋಲು ಮಾಡಿಕೊಳ್ಳುವುದು ಸರಿಯಲ್ಲ. ಯಂತ್ರದ ಮೇಲೆ ಒಂದು ಜಾಬ್ ಮಾಡಿಸಿ ನೋಡಿ. ಸೆಟ್ಟಿಂಗ್ ಬಲ್ಲರೆ, ಡ್ರಾಯಿಂಗ್ ಓದಬಲ್ಲರೆ ಎಂದು ಪರೀಕ್ಷಿಸಿ, ಆ ಕೌಶಲಕ್ಕೆ ಬೆಲೆ ಕಟ್ಟಿ. ಕೇಳಿದಷ್ಟು ಕೊಡಲಾಗದಿದ್ದರೆ ಪರೀಕ್ಷಾವಧಿ ಮುಗಿದ ಮೇಲಿನ ಹೆಚ್ಚಳ, ಶಿಫ್ಟ್ ಭತ್ಯೆ, ವಾರದ ರಜೆ ಇವುಗಳ ಬಗ್ಗೆ ಮಾತನಾಡಬಹುದು. ಆದರೆ "ಮುಂದೆ ನೋಡೋಣ" ಎಂಬ ಮಾತು ಬೇಡ. ಹೆಚ್ಚಳದ ಮೊತ್ತವನ್ನೂ ತಿಂಗಳನ್ನೂ ಹೇಳಿ.

ಒಪ್ಪಿದ್ದೆಲ್ಲವೂ ನೇಮಕಾತಿ ಪತ್ರದಲ್ಲಿರಲಿ. ಹೊಸ ಸಂಹಿತೆಗಳು ಇದನ್ನು ಕಡ್ಡಾಯಗೊಳಿಸಿವೆ. ಕಾನೂನಿನ ಮಾತು ಹಾಗಿರಲಿ, ಖರೀದಿ ಆದೇಶವಿಲ್ಲದೆ ಸರಕು ಕಳುಹಿಸದ ನಾವು, ಬರಹವಿಲ್ಲದೆ ಒಬ್ಬರ ದುಡಿಮೆಯನ್ನು ಪಡೆಯುವುದು ವ್ಯವಹಾರ ನೀತಿಗೂ ಒಪ್ಪುವುದಿಲ್ಲ.