ನಿತ್ಯದ ವ್ಯಾಯಾಮ: ಆರಂಭ ಸುಲಭ, ಮುಂದುವರಿಕೆ ಕಷ್ಟ

ಹಾವೇರಿ: ಹೊಸ ವರ್ಷದ ಸಂಕಲ್ಪಗಳಲ್ಲಿ ವ್ಯಾಯಾಮಕ್ಕೆ ಎಂದಿಗೂ ಮೊದಲ ಸಾಲಿನ ಸ್ಥಾನ. ಆದರೆ ಬ್ಯಾಡಗಿಯಲ್ಲಿ ಜನವರಿ ಎಂದರೆ ಹೊಸ ಮೆಣಸಿನಕಾಯಿ ಮಾರುಕಟ್ಟೆಗೆ ಬರುವ ಕಾಲ. ವರ್ತಕರು, ದಲಾಲರು, ಹಮಾಲರು, ಲಾರಿ ಚಾಲಕರು, ತೊಟ್ಟು ಬಿಡಿಸುವ ಮಹಿಳೆಯರು ಎಲ್ಲರಿಗೂ ಬಿಡುವಿಲ್ಲದ ದಿನಗಳು ಆಗಲೇ ಆರಂಭವಾಗುತ್ತವೆ. ಆವಕ ತಗ್ಗುವ ಹೊತ್ತಿಗೆ ಬೇಸಿಗೆಯ ಬಿಸಿಲು. ಬಿಸಿಲು ಇಳಿಯುವ ಹೊತ್ತಿಗೆ ಮುಂಗಾರು. ಹೀಗಾಗಿ 'ನಾಳೆಯಿಂದ' ಎಂದು ಮುಂದೂಡಿದ ವ್ಯಾಯಾಮಕ್ಕೆ ವರ್ಷವಿಡೀ ಮುಹೂರ್ತ ಕೂಡಿಬರುವುದಿಲ್ಲ.

ಇದನ್ನು ಸೋಮಾರಿತನವೆಂದು ತಳ್ಳಿಹಾಕುವುದು ಸುಲಭ. ಆದರೆ ಬಹುತೇಕ ಸಂದರ್ಭಗಳಲ್ಲಿ ದೋಷವಿರುವುದು ಮನಸ್ಸಿನಲ್ಲಲ್ಲ, ಆಯ್ದುಕೊಂಡ ಕ್ರಮದಲ್ಲಿ. ಬಿಡುವಿನ ದಿನವನ್ನು ನೆನೆದು ರೂಪಿಸಿದ ಕ್ರಮವು ದುಡಿಮೆಯ ದಿನ ಮುರಿದು ಬೀಳುತ್ತದೆ.

ಎಷ್ಟು ಸಾಕು?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮದ ಚಟುವಟಿಕೆ ನಡೆಸಬೇಕು. ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ನೀಡುವ ವ್ಯಾಯಾಮ ಬೇಕು. ಮಾತನಾಡಲು ಸಾಧ್ಯವಾಗಿ, ಹಾಡಲು ಆಗದಷ್ಟು ಉಸಿರು ಏರಿದರೆ ಅದು ಮಧ್ಯಮ ಶ್ರಮ. ಚುರುಕಾದ ನಡಿಗೆ ಈ ಗುಂಪಿಗೆ ಸೇರುತ್ತದೆ.

ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ಸತತವಾಗಿ ಮಾಡಿದರಷ್ಟೇ ಲೆಕ್ಕ ಎಂಬ ಹಿಂದಿನ ನಿಯಮವನ್ನು ಇದೇ ಮಾರ್ಗಸೂಚಿಯಲ್ಲಿ ಕೈಬಿಡಲಾಯಿತು. ಬಿಡಿಬಿಡಿಯಾಗಿ ಮಾಡಿದ ಶ್ರಮವೂ ಮೊತ್ತಕ್ಕೆ ಸೇರುತ್ತದೆ ಎಂದಾಯಿತು. ಅಂಗಡಿ ಬಿಟ್ಟು ಕದಲಲಾಗದವರಿಗೆ ಇದು ಸಮಾಧಾನದ ಸಂಗತಿ.

ದಿನಕ್ಕೆ 10,000 ಹೆಜ್ಜೆ ಎಂಬ ಜನಪ್ರಿಯ ಗುರಿಯ ಮೂಲ ಯಾವುದೇ ವೈದ್ಯಕೀಯ ಸಂಶೋಧನೆಯಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರು. ಸರಾಸರಿ 72 ವರ್ಷದ ಅಮೆರಿಕನ್ ಮಹಿಳೆಯರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆಯುವವರ ಮರಣ ಪ್ರಮಾಣವು 2,700 ಹೆಜ್ಜೆ ನಡೆಯುವವರಿಗಿಂತ ಕಡಿಮೆ ಇತ್ತು. ಸುಮಾರು 7,500 ಹೆಜ್ಜೆಗಳ ಬಳಿಕ ಹೆಚ್ಚುವರಿ ಲಾಭ ಅಷ್ಟಾಗಿ ಕಂಡುಬರಲಿಲ್ಲ.

ದುಡಿಮೆಯೇ ವ್ಯಾಯಾಮವಲ್ಲವೇ?

'ದಿನವಿಡೀ ದುಡಿಯುವವರಿಗೆ ಬೇರೆ ವ್ಯಾಯಾಮವೇಕೆ' ಎಂಬ ಮಾತು ಈ ಭಾಗದಲ್ಲಿ ಸಾಮಾನ್ಯ. ಇದಕ್ಕೆ ಉತ್ತರ ದುಡಿಮೆಯ ಸ್ವರೂಪದಲ್ಲಿದೆ. 1953ರಲ್ಲಿ ಬ್ರಿಟನ್ನಿನ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ ಬಸ್ ಸಿಬ್ಬಂದಿಯ ಬಗ್ಗೆ ಪ್ರಕಟಿಸಿದ ಅಧ್ಯಯನ ಇಂದಿಗೂ ಉಲ್ಲೇಖಾರ್ಹ. ಒಂದೇ ಬಸ್ಸಿನಲ್ಲಿ ದುಡಿಯುವವರಾದರೂ, ಕುಳಿತೇ ಇರುವ ಚಾಲಕರಿಗಿಂತ ಮಹಡಿ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದಯ ಕಾಯಿಲೆ ಕಡಿಮೆ ಎಂಬುದನ್ನು ಅದು ತೋರಿಸಿತು.

ಈ ಅಳತೆಗೋಲನ್ನು ಬ್ಯಾಡಗಿಗೆ ಅನ್ವಯಿಸಿದರೆ, ಚೀಲ ಹೊರುವ ಹಮಾಲರು ಮತ್ತು ಲೆಕ್ಕ ಬರೆಯುವ ಗುಮಾಸ್ತರು ಒಂದೇ ಮಾರುಕಟ್ಟೆಯಲ್ಲಿದ್ದರೂ ದೇಹದ ಮಟ್ಟಿಗೆ ಬೇರೆ ಬೇರೆ ಲೋಕದವರು. ಹಮಾಲರಿಗೆ ಬೇಕಾದುದು ವಿಶ್ರಾಂತಿ ಹಾಗೂ ಬೆನ್ನಿನ ಆರೈಕೆ. ಗುಮಾಸ್ತರಿಗೆ ಬೇಕಾದುದು ನಡಿಗೆ. ಗಂಟೆಗಟ್ಟಲೆ ಕುಳಿತು ತೊಟ್ಟು ಬಿಡಿಸುವ ಮಹಿಳೆಯರ ಕೈಗಳು ದಣಿಯುತ್ತವೆ, ಆದರೆ ಕಾಲು ಮತ್ತು ಸೊಂಟ ಜಡ್ಡುಗಟ್ಟುತ್ತವೆ. ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕುವುದು ಅವರಿಗೆ ಅತ್ಯಗತ್ಯ.

ರೂಢಿಯಾಗಲು ಎಷ್ಟು ದಿನ?

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ತಾನಾಗಿಯೇ ನಡೆಯುವ ರೂಢಿಯಾಗಲು ಸಾಮಾನ್ಯವಾಗಿ 66 ದಿನಗಳು ಬೇಕಾದವು. ಕೆಲವರಿಗೆ 18 ದಿನ ಸಾಕಾದರೆ, ಕೆಲವರ ವಿಷಯದಲ್ಲಿ ಅಂದಾಜು 254 ದಿನಗಳವರೆಗೆ ಹೋಯಿತು. ನೀರು ಕುಡಿಯುವಂತಹ ಸರಳ ಅಭ್ಯಾಸಕ್ಕಿಂತ ವ್ಯಾಯಾಮಕ್ಕೆ ಹೆಚ್ಚು ಕಾಲ ಬೇಕಾಯಿತು. ಮುಖ್ಯ ಸಂಗತಿಯೆಂದರೆ, ನಡುವೆ ಒಂದು ದಿನ ತಪ್ಪಿದ ಮಾತ್ರಕ್ಕೆ ರೂಢಿ ಕೆಡಲಿಲ್ಲ.

ಜನವರಿ 1ರಂದು ಆರಂಭಿಸಿದವರಿಗೆ 66ನೇ ದಿನ ಬರುವುದು ಮಾರ್ಚ್ ಮೊದಲ ವಾರದಲ್ಲಿ. ಬ್ಯಾಡಗಿ ಮಾರುಕಟ್ಟೆಯ ಭರಾಟೆಯ ಕಾಲವದು. ಆದ್ದರಿಂದ ಅಲ್ಲಿನವರಿಗೆ ಜನವರಿಯಲ್ಲಿ ಒಂದು ಗಂಟೆಯ ಸಂಕಲ್ಪಕ್ಕಿಂತ ಹತ್ತು ನಿಮಿಷದ ಕ್ರಮವೇ ಲೇಸು.

ಊರಿಗೊಂದು ಲೆಕ್ಕ

ಈಗಾಗಲೇ ತಪ್ಪದೆ ನಡೆಯುವ ಕೆಲಸವೊಂದಕ್ಕೆ ವ್ಯಾಯಾಮವನ್ನು ಜೋಡಿಸುವುದು ಪರೀಕ್ಷಿತ ಉಪಾಯ. 'ಬೆಳಿಗ್ಗೆ ನಡೆಯುತ್ತೇನೆ' ಎಂಬುದಕ್ಕಿಂತ 'ಚಹಾ ಕುಡಿದ ಕೂಡಲೇ ನಡೆಯುತ್ತೇನೆ' ಎಂಬ ನಿರ್ಧಾರ ಗಟ್ಟಿ.

ಹಾವೇರಿಯಲ್ಲಿ ಹೊಸಮನಿ ಸಿದ್ದಪ್ಪ ಜಿಲ್ಲಾ ಕ್ರೀಡಾಂಗಣವಿದೆ. ಆದರೆ ಅಲ್ಲಿಗೆ ಹೋಗಿ ಬರುವ ಸಮಯವೇ ಅಡ್ಡಿಯಾಗುವವರಿಗೆ ಮನೆ ಮುಂದಿನ ರಸ್ತೆಯೇ ಕ್ರೀಡಾಂಗಣ. ದೇವಗಿರಿಯ ಜಿಲ್ಲಾಡಳಿತ ಭವನಕ್ಕೆ ವಾಹನದಲ್ಲಿ ಹೋಗುವ ನೌಕರರು ಮಧ್ಯಾಹ್ನದ ಊಟದ ಬಳಿಕ ಹತ್ತು ನಿಮಿಷ ನಡೆದರೆ, ಐದು ದಿನಗಳಲ್ಲಿ 50 ನಿಮಿಷ ಕೂಡಿಕೊಳ್ಳುತ್ತದೆ.

ರಾಣೆಬೆನ್ನೂರಿನಿಂದ ಕುಮಾರಪಟ್ಟಣದ ಕಾರ್ಖಾನೆಗಳಿಗೆ ಪಾಳಿಯಲ್ಲಿ ಹೋಗುವವರಿಗೆ ಗಡಿಯಾರದ ಸಮಯ ಹೊಂದುವುದಿಲ್ಲ. ಬೆಳಿಗ್ಗೆ 6 ಗಂಟೆ ಎಂಬುದು ಒಂದು ವಾರ ಏಳುವ ಸಮಯ, ಇನ್ನೊಂದು ವಾರ ಮನೆಗೆ ಮರಳುವ ಸಮಯ. ಅಂಥವರು 'ನಿದ್ದೆಯಿಂದ ಎದ್ದ ಮೇಲೆ' ಎಂಬ ಗುರುತು ಇಟ್ಟುಕೊಳ್ಳುವುದು ಸೂಕ್ತ.

ಬ್ಯಾಡಗಿಯವರು ವಹಿವಾಟಿನ ದಿನಗಳಿಗೆ ಚಿಕ್ಕ ಕ್ರಮ, ಉಳಿದ ದಿನಗಳಿಗೆ ಪೂರ್ಣ ಕ್ರಮ ಎಂದು ಎರಡು ಲೆಕ್ಕ ಇಟ್ಟುಕೊಳ್ಳಬಹುದು. ಮೆಣಸಿನಕಾಯಿಯ ಘಾಟು ಗಾಳಿಯಲ್ಲಿರುವ ದಿನಗಳಲ್ಲಿ ಮಾರುಕಟ್ಟೆಯಿಂದ ದೂರದ ದಿಕ್ಕಿಗೆ ನಡೆಯುವುದು ಒಳಿತು. ಉಬ್ಬಸವಿರುವವರು ಮನೆಯೊಳಗೇ ವ್ಯಾಯಾಮ ಮಾಡಬೇಕು.

ಮಳೆಗಾಲಕ್ಕೆ ಗರಡಿಮನೆಯ ಬಸ್ಕಿ ಮತ್ತು ದಂಡಗಳೇ ಸಾಕು. ಇವಕ್ಕೆ ಯಂತ್ರ ಬೇಡ, ಶುಲ್ಕವಿಲ್ಲ. ಬಲದ ವ್ಯಾಯಾಮದ ಎರಡು ದಿನಗಳೂ ಇದರಿಂದ ತುಂಬುತ್ತವೆ. ಮೊಣಕಾಲು ನೋವಿರುವವರು ಪೂರ್ಣ ಬಸ್ಕಿಯ ಬದಲು ಕುರ್ಚಿಯಿಂದ ಎದ್ದು ಕೂರುವುದನ್ನೇ ಹತ್ತು ಬಾರಿ ಮಾಡಬಹುದು.

ನಿಯಮಿತ ನಡಿಗೆಯ ಬಲವೇನೆಂಬುದಕ್ಕೆ ಉದಾಹರಣೆ ಇದೇ ನೆಲದಲ್ಲಿದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಹುತಾತ್ಮ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯವರೊಂದಿಗೆ ದಂಡಿಗೆ ನಡೆದವರು. ಸುಮಾರು 385 ಕಿ.ಮೀ. ದೂರವನ್ನು 24 ದಿನಗಳಲ್ಲಿ ಕ್ರಮಿಸಲಾಯಿತು. ಅಂದರೆ ದಿನಕ್ಕೆ ಸರಾಸರಿ 16 ಕಿ.ಮೀ. ಆ ಯಾತ್ರೆಯಲ್ಲೂ ಸೋಮವಾರ ವಿಶ್ರಾಂತಿಯ ದಿನವಾಗಿತ್ತು. ವಿರಾಮವು ಮೊದಲೇ ನಿಗದಿಯಾಗಿದ್ದರೆ ಅದು ಸೋಲಲ್ಲ, ಕ್ರಮದ ಭಾಗ.

ಮಹಿಳೆಯರ ಪಾಲು

2024ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದರ ಅಂದಾಜಿನಂತೆ, 2022ರಲ್ಲಿ ಭಾರತದ ಶೇ 57ರಷ್ಟು ಮಹಿಳೆಯರು ಹಾಗೂ ಶೇ 42ರಷ್ಟು ಪುರುಷರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಈ ಅಂತರಕ್ಕೆ ಇಚ್ಛೆಯ ಕೊರತೆಯಷ್ಟೇ ಕಾರಣವಲ್ಲ. ಬೆಳಗಿನ ಹೊತ್ತು ರೊಟ್ಟಿ, ಡಬ್ಬಿ, ಮಕ್ಕಳ ಶಾಲೆಗಳ ನಡುವೆ ಕಳೆದುಹೋಗುತ್ತದೆ. ಕತ್ತಲಾದ ಮೇಲೆ ಒಂಟಿಯಾಗಿ ನಡೆಯಲು ಹಿಂಜರಿಕೆ. ಮಕ್ಕಳನ್ನು ಶಾಲೆಗೆ ಬಿಟ್ಟು ಮರಳುವ ದಾರಿಯನ್ನು ಸುತ್ತು ಹಾಕಿ ಉದ್ದವಾಗಿಸುವುದು, ಓಣಿಯ ಇಬ್ಬರು ಮೂವರು ಜೊತೆಗೂಡುವುದು ಸಾಧ್ಯವಿರುವ ಮಾರ್ಗಗಳು. ಆ ಅರ್ಧ ಗಂಟೆಯ ಮನೆಗೆಲಸವನ್ನು ಮನೆಯ ಉಳಿದವರು ವಹಿಸಿಕೊಳ್ಳದಿದ್ದರೆ ಯಾವ ಸಲಹೆಯೂ ಕಾಗದದಲ್ಲೇ ಉಳಿಯುತ್ತದೆ.

ಎಚ್ಚರಿಕೆ

ಹೃದಯ ಕಾಯಿಲೆ, ನಿಯಂತ್ರಣದಲ್ಲಿಲ್ಲದ ರಕ್ತದೊತ್ತಡ ಇರುವವರು ವೈದ್ಯರ ಸಲಹೆ ಪಡೆದೇ ಆರಂಭಿಸಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ಪಡೆಯುವವರು ವ್ಯಾಯಾಮದ ವೇಳೆ ಸಕ್ಕರೆ ಅಂಶ ಕುಸಿಯುವ ಸಾಧ್ಯತೆಯನ್ನು ಮರೆಯಬಾರದು. ನಡೆಯುವಾಗ ಎದೆನೋವು, ತಲೆಸುತ್ತು, ಎಂದಿಲ್ಲದ ಏದುಸಿರು ಕಂಡರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲೇರುವ ಮುನ್ನವೇ ವ್ಯಾಯಾಮ ಮುಗಿಸುವುದು ಕ್ಷೇಮ.

ವ್ಯಾಯಾಮದ ಕ್ರಮ ಸರಿಯಾದುದೇ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ವರ್ಷದ ಅತಿ ಗಡಿಬಿಡಿಯ ದಿನವನ್ನು ನೆನೆದು, ಅಂದೂ ಇದನ್ನು ಮಾಡಲು ಸಾಧ್ಯವೇ ಎಂದು ಕೇಳಿಕೊಳ್ಳಬೇಕು. ಸಾಧ್ಯವಿಲ್ಲವೆಂದಾದರೆ, ಸಾಧ್ಯವಾಗುವಷ್ಟಕ್ಕೆ ಅದನ್ನು ಇಳಿಸಬೇಕು. ಬಿಡುವು ಸಿಕ್ಕಂತೆ ಹೆಚ್ಚಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.